ಟೈರಿಗೆ ಗಾಳಿ ಹೊಡೆಯುವ ಪಂಪು: ನಾನು ಆರಿಸಿದ್ದು ಹೀಗೆ

ಟೈರ್ ಇನ್‌ಫ್ಲೇಟರ್ ಕೊಳ್ಳಲು ಹೊರಟರೆ ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 150 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂಬ ಅಂಕಿ. ಅದನ್ನು ನಾನು ಮೊದಲೇ ಪಕ್ಕಕ್ಕಿಟ್ಟೆ. ನನ್ನ ಕಾರಿನ ಟೈರಿಗೆ ಬೇಕಾಗಿರುವುದು 32 ಪಿಎಸ್‌ಐ. ಹೆಚ್ಚಿನ ಕಾರುಗಳಿಗೆ ಬೇಕಾಗುವುದೂ 30ರಿಂದ 36ರ ಒಳಗೇ. ಹಾಗಿರುವಾಗ 150 ಮುಟ್ಟುವ ಪಂಪಿನಿಂದ ನನಗೆ ವಿಶೇಷ ಲಾಭ ಇಲ್ಲ. ನಾನು ನೋಡಿದ್ದು ಮೂರೇ ವಿಷಯ. 32ಕ್ಕೆ ಬೇಗ ಏರಬೇಕು, ತೋರಿಸುವ ಲೆಕ್ಕ ಸರಿಯಿರಬೇಕು, ತಿಂಗಳಿಗೆರಡು ಸಲ ಬೇಸರವಿಲ್ಲದೆ ಹೊರತೆಗೆದು ಬಳಸುವಂತಿರಬೇಕು. ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ದಾರಿಯಲ್ಲಿ ಗಾಳಿ ಹೋದಾಗ ಮಾತ್ರ ನೆನಪಾಗುವ ಪಂಪಿಗಿಂತ ಗಾಳಿ ಕಮ್ಮಿಯಾಗಲು ಬಿಡದ ಪಂಪು ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೊಳ್ಳುವ ಮೊದಲು ಕಾರಿನ ಬಳಿ ಹೋಗಿ ಎರಡು ಅಂಕಿ ಬರೆದುಕೊಂಡೆ. ಒಂದು, ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿರುವ ಒತ್ತಡ. ಕೆಲವು ಕಾರುಗಳಲ್ಲಿ ಈ ಚೀಟಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿರುತ್ತದೆ. ಇಬ್ಬರೇ ಹೋಗುವಾಗ ಇಷ್ಟು, ತುಂಬಿದ ಕಾರಿಗೆ ಇಷ್ಟು ಎಂದು ಅದರಲ್ಲೇ ಬೇರೆ ಬೇರೆ ಕೊಟ್ಟಿರುವುದೂ ಉಂಟು. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಪಿಎಸ್‌ಐ ಅಂಕಿ ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ಅದು ನಾವು ತುಂಬಿಸಬೇಕಾದ ಒತ್ತಡ ಅಲ್ಲ. ಇನ್ನೊಂದು, ಟೈರಿನ ಅಳತೆ. 185/65 ಆರ್15 ಎಂಬಂತೆ ಬರೆದಿರುತ್ತದಲ್ಲ, ಅದು.

ಅಳತೆ ಯಾಕೆ ಬೇಕು ಅಂದರೆ, ಪಂಪಿಗೆ ಎಷ್ಟು ಕೆಲಸ ಬೀಳುತ್ತದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಈ ಅಳತೆಯ ಟೈರಿನೊಳಗೆ ಹೆಚ್ಚುಕಮ್ಮಿ 25ರಿಂದ 30 ಲೀಟರ್ ಜಾಗ ಇರುತ್ತದೆ. 14.5 ಪಿಎಸ್‌ಐ ಅಂದರೆ 1 ಬಾರ್. ಒತ್ತಡವನ್ನು 1 ಬಾರ್ ಏರಿಸಬೇಕಾದರೆ ಟೈರಿನೊಳಗಿನ ಜಾಗದಷ್ಟೇ ಹೊರಗಿನ ಗಾಳಿಯನ್ನು ಒಳಗೆ ತಳ್ಳಬೇಕು. 26ರಿಂದ 32ಕ್ಕೆ ಏರಿಸಲು ಹನ್ನೊಂದು ಹನ್ನೆರಡು ಲೀಟರ್ ಸಾಕು. ಪೂರ್ತಿ ಇಳಿದ ಟೈರಾದರೆ ಸುಮಾರು 60 ಲೀಟರ್ ಬೇಕು. ದೊಡ್ಡ ಎಸ್‌ಯುವಿಯ 235/65 ಆರ್17 ಟೈರಿಗೆ ಇದರ ಎರಡು ಪಟ್ಟು ಹತ್ತಿರ ಹೋಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ನಾನು ಹುಡುಕಿದ್ದು ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಅಂಕಿಯನ್ನು. ಅಲ್ಲೂ ಒಂದು ಸೂಕ್ಷ್ಮ ಇದೆ. 35 ಲೀಟರ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಪೈಪು ಯಾವುದಕ್ಕೂ ಸಿಕ್ಕಿಸದೆ, ಎದುರು ಒತ್ತಡ ಇಲ್ಲದಾಗ ಅಳೆದದ್ದು. ಟೈರಿನೊಳಗೆ ಒತ್ತಡ ಏರಿದಂತೆ ಪಂಪು ತಳ್ಳುವ ಗಾಳಿ ಕಮ್ಮಿಯಾಗುತ್ತಾ ಹೋಗುತ್ತದೆ. ನನ್ನಂಥ ಟೈರಿಗೆ ಇಷ್ಟರಿಂದ ಇಷ್ಟಕ್ಕೆ ಏರಿಸಲು ಎಷ್ಟು ನಿಮಿಷ ಅಂತ ತಯಾರಕರೇ ಬರೆದಿದ್ದರೆ ಅದನ್ನೇ ಹೆಚ್ಚು ನಂಬಬಹುದು.

ಆಮೇಲೆ ಬರುವುದು ವೈರಿನದೋ ಬ್ಯಾಟರಿಯದೋ ಎಂಬ ಪ್ರಶ್ನೆ. ಇದರ ಬಗ್ಗೆ ನಾನು ತುಂಬಾ ಹೊತ್ತು ಯೋಚಿಸಿದೆ. ಬ್ಯಾಟರಿಯ ಪಂಪು ಕೈಗೆ ಹಗುರ, ವೈರಿನ ಗೋಜಿಲ್ಲ, ಬೈಕಿಗೂ ಸೈಕಲ್ಲಿಗೂ ಆಗುತ್ತದೆ. ಮನೆಯಲ್ಲಿ ಬೈಕು ಮಾತ್ರ ಇದ್ದಿದ್ದರೆ ಎರಡನೇ ಮಾತಿಲ್ಲದೆ ಅದನ್ನೇ ತರುತ್ತಿದ್ದೆ. ಆದರೆ ಅದರ ಬ್ಯಾಟರಿ ಎಷ್ಟು ದೊಡ್ಡದು ಎಂದು ತಿಳಿಯಲು ಅದರ ಮೇಲೆ ಬರೆದಿರುವ ಎಂಎಎಚ್ (ಮಿಲಿ ಆಂಪಿಯರ್-ಅವರ್) ಅಂಕಿಯೊಂದೇ ಸಾಲದು. 3.7 ವೋಲ್ಟಿನ ಲೆಕ್ಕದಲ್ಲಿ 6000 ಎಂಎಎಚ್ ಅಂತ ಬರೆದದ್ದೂ, 11.1 ವೋಲ್ಟಿನ ಲೆಕ್ಕದಲ್ಲಿ 2000 ಎಂಎಎಚ್ ಅಂತ ಬರೆದದ್ದೂ ಒಂದೇ. ಎರಡರಲ್ಲೂ ಇರುವ ವಿದ್ಯುತ್ ಶಕ್ತಿ ಸುಮಾರು 22 ವ್ಯಾಟ್-ಅವರ್. ಅದಕ್ಕೇ ವ್ಯಾಟ್-ಅವರ್ ನೋಡಿ ಹೋಲಿಸಬೇಕು. ಬರೆದಿಲ್ಲದಿದ್ದರೆ ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ಆಯಿತು. 80 ವ್ಯಾಟ್ ಎಳೆಯುವ ಪಂಪಿಗೆ 22 ವ್ಯಾಟ್-ಅವರ್ ಕಾಲು ಗಂಟೆಗೆ ಸ್ವಲ್ಪ ಜಾಸ್ತಿ ಬರುತ್ತದೆ. ನಾಲ್ಕು ಟೈರಿಗೆ ಒಂದಿಷ್ಟು ಗಾಳಿ ಸೇರಿಸಲು ಇದು ಸಾಕು. ದೊಡ್ಡ ಟೈರೊಂದು ಪೂರ್ತಿ ಇಳಿದಿದ್ದರೆ ಕಷ್ಟ.

ನನ್ನನ್ನು ಹಿಂದೆಗೆಸಿದ್ದು ಬಿಸಿಲು. ಪಂಪು ಕಾರಿನಲ್ಲೇ ಇರಬೇಕು, ಅಲ್ವಾ? ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವು ಲಿಥಿಯಂ ಬ್ಯಾಟರಿಯ ಆಯಸ್ಸು ತಿನ್ನುತ್ತದೆ. ಪೂರ್ತಿ ಚಾರ್ಜ್ ಮಾಡಿ ಅಲ್ಲೇ ಬಿಟ್ಟರೆ ಇನ್ನೂ ಬೇಗ. ಮನೆಯೊಳಗೆ ತಂದಿಟ್ಟರೆ ಬ್ಯಾಟರಿ ಚೆನ್ನಾಗಿರುತ್ತದೆ, ದಾರಿಯಲ್ಲಿ ಪಂಪು ಇರುವುದಿಲ್ಲ. ಆದ್ದರಿಂದ ಕಾರಿಗೆ 12 ವೋಲ್ಟಿನ ವೈರಿನ ಪಂಪನ್ನೇ ತಂದೆ. ಎಷ್ಟು ದಿನ ಡಿಕ್ಕಿಯಲ್ಲಿ ಮಲಗಿದ್ದರೂ ಕಾರು ಚಾಲೂ ಆದರೆ ಅದೂ ಚಾಲೂ ಆಗುತ್ತದೆ.

ವೈರಿನದನ್ನು ಆರಿಸುವವರು ಫ್ಯೂಸನ್ನು ಮರೆಯಬಾರದು. ಕಾರಿನ 12 ವೋಲ್ಟ್ ಸಾಕೆಟ್ಟಿಗೆ 10 ಅಥವಾ 15 ಆಂಪಿಯರ್ ಫ್ಯೂಸ್ ಇರುವುದು ಸಾಮಾನ್ಯ. 10 ಆಂಪಿಯರ್ ಅಂದರೆ ಸುಮಾರು 120 ವ್ಯಾಟ್. ಅದಕ್ಕಿಂತ ಜಾಸ್ತಿ ಎಳೆಯುವ ಪಂಪು ಹಾಕಿದರೆ ಫ್ಯೂಸ್ ಹೋಗುತ್ತದೆ. ಹೆಚ್ಚು ಶಕ್ತಿಯ ಪಂಪುಗಳು ನೇರವಾಗಿ ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ಪುಗಳ ಜೊತೆ ಬರುತ್ತವೆ. ಅವು ದೊಡ್ಡ ಗಾಡಿಗೆ ಸರಿ. ಪ್ರತಿ ಸಲ ಬಾನೆಟ್ ಎತ್ತುವುದು ನನಗೆ ಆಗದ ಮಾತು, ಹಾಗಾಗಿ ಸಾಕೆಟ್ಟಿಗೆ ಹಾಕುವುದನ್ನೇ ತಗೊಂಡೆ. ವೈರು ಹಿಂದಿನ ಎರಡೂ ಚಕ್ರಕ್ಕೆ ಮುಟ್ಟುತ್ತದೆಯೇ ಎಂದು ಮೊದಲೇ ಅಳೆದೆ. ಮುಂದಿನ ಸಾಕೆಟ್ಟಿನಿಂದ ಬಾಗಿಲು ದಾಟಿ ಹಿಂದಿನ ಚಕ್ರದ ತನಕ ಒಂದು ಹಗ್ಗ ಹಾಸಿ ನೋಡಿದರೆ ಎಷ್ಟು ಉದ್ದ ಬೇಕು ಅಂತ ಗೊತ್ತಾಗುತ್ತದೆ. ಪಂಪು ಓಡುವಾಗ ಎಂಜಿನ್ ಚಾಲೂ ಇಟ್ಟರೆ ಕಾರಿನ ಬ್ಯಾಟರಿ ಇಳಿಯುವುದಿಲ್ಲ. ಆದರೆ ಅದು ಬಯಲಲ್ಲಿ ಮಾತ್ರ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಕುತ್ತು.

ಇನ್ನು ನಾಜಲ್, ಅಂದರೆ ಪೈಪಿನ ತುದಿಯಲ್ಲಿ ಟೈರಿಗೆ ಸಿಕ್ಕಿಸುವ ಭಾಗ. ಅಂಗಡಿಯಲ್ಲಿ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಆದರೆ ಕೈಗೆ ದಿನಾ ತಗಲುವುದು ಇದೇ. ವಾಲ್ವಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ನಾಜಲ್ ಗಟ್ಟಿ ಕೂರುತ್ತದೆ, ಗಾಳಿ ಸೋರುವುದಿಲ್ಲ. ಬಿಚ್ಚುವಾಗ ಮಾತ್ರ ಕೊನೆಯ ಸುತ್ತುಗಳಲ್ಲಿ ಬುಸ್ ಅಂತ ಒಂದಿಷ್ಟು ಗಾಳಿ ಹೋಗುತ್ತದೆ. ಕಾರಿನ ಟೈರಿನಲ್ಲಿ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಬೈಕು, ಸ್ಕೂಟರಿನ ಟೈರಿನಲ್ಲಿ ಇರುವ ಗಾಳಿಯೇ ಕಮ್ಮಿ, ಅಲ್ಲಿ ಒಂದು ಪಿಎಸ್‌ಐ ಇಳಿದೇಬಿಡುತ್ತದೆ. ಅದಕ್ಕೆ ಬೇಗ ಬೇಗ ಬಿಚ್ಚಬೇಕು, ಇಲ್ಲವೇ ಒಂದು ಪಿಎಸ್‌ಐ ಜಾಸ್ತಿ ತುಂಬಿಸಿಕೊಳ್ಳಬೇಕು. ಒತ್ತಿ ಲಿವರ್ ಮಡಚುವ ನಾಜಲ್ ಕ್ಷಣದಲ್ಲಿ ಹಾಕಿ ತೆಗೆಯಲು ಬರುತ್ತದೆ. ಆದರೆ ಸ್ಕೂಟರಿನ ಚಿಕ್ಕ ಚಕ್ರದಲ್ಲಿ ವಾಲ್ವು ಬ್ರೇಕಿನ ಪಕ್ಕ ಇಕ್ಕಟ್ಟಿನಲ್ಲಿ ಕೂತಿದ್ದರೆ ಲಿವರ್ ಮಡಚಲು ಜಾಗವೇ ಇರುವುದಿಲ್ಲ. ನಾನು ತಿರುಗಿಸುವ ನಾಜಲ್ಲಿನ ಪಂಪನ್ನೇ ತಗೊಂಡು, ಸ್ಕೂಟರಿಗೆಂದು ಬಾಗಿದ ಅಡಾಪ್ಟರ್ ಒಂದನ್ನು ಜೊತೆಗಿಟ್ಟುಕೊಂಡೆ. ತುಂಬಾ ಹೊತ್ತು ಓಡಿದ ಪಂಪಿನ ನಾಜಲ್ ಚೆನ್ನಾಗಿಯೇ ಸುಡುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಲೋಹಕ್ಕೆ ಬರುತ್ತದೆ. ಬಟ್ಟೆ ಹಿಡಿದು ಬಿಚ್ಚಿ.

ಬಿಸಿಯ ಮಾತು ಬಂದಿದ್ದರಿಂದ ಇನ್ನೊಂದು. ಇಂಥ ಸಣ್ಣ ಪಂಪುಗಳು ಬಿಡದೆ ಓಡಲು ಮಾಡಿದವಲ್ಲ. ಎಷ್ಟು ನಿಮಿಷ ಓಡಿಸಬಹುದು, ಆಮೇಲೆ ಎಷ್ಟು ಹೊತ್ತು ತಣಿಯಲು ಬಿಡಬೇಕು ಅಂತ ಕೈಪಿಡಿಯಲ್ಲಿರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿ ಅಷ್ಟೇ ಹೊತ್ತು ನಿಲ್ಲಿಸುವುದು ಹಲವು ಪಂಪುಗಳಿಗೆ ಹೇಳಿರುವ ಲೆಕ್ಕ. ಲೋಹದ ಸಿಲಿಂಡರ್ ಇರುವುದು ಈ ಕಾವನ್ನು ಚೆನ್ನಾಗಿ ತಡೆಯುತ್ತದೆ. ಕೈಯಲ್ಲಿ ಹಿಡಿದರೆ ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಬೇಕಾದ ಒತ್ತಡಕ್ಕೆ ಇಟ್ಟರೆ ತಾನೇ ನಿಲ್ಲುವ ಸೌಲಭ್ಯ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಅಂಕಿಯನ್ನು ಸುಮ್ನೆ ನಂಬಬೇಡಿ. ಪಂಪು ಓಡುವಾಗ ಒತ್ತಡ ತೋರಿಸುವ ಗೇಜು ಟೈರಿನೊಳಗಿರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಗೇಜು ಇರುವುದು ಪಂಪಿನ ಕಡೆ, ಗಾಳಿ ಸಣ್ಣ ಪೈಪಿನೊಳಗೆ ತಿಕ್ಕಿಕೊಂಡು ಹೋಗಬೇಕು. ನಿಲ್ಲಿಸಿದ ಮೇಲೆ ಬರುವ ಅಂಕಿಯೇ ನಿಜವಾದದ್ದು. ಒಳ್ಳೆಯ ಬಿಡಿ ಗೇಜ್ ಒಂದನ್ನು ಇಟ್ಟುಕೊಂಡು ಹೋಲಿಸಿ ನೋಡಿದೆ. ನನ್ನ ಪಂಪು ಯಾವಾಗಲೂ ಒಂದು ಪಿಎಸ್‌ಐ ಜಾಸ್ತಿ ತೋರಿಸುತ್ತದೆ ಅಂತ ಗೊತ್ತಾಯಿತು. ಈಗ 33ಕ್ಕೆ ಇಟ್ಟು 32 ಪಡೆಯುತ್ತೇನೆ. ತಪ್ಪು ಒಂದೇ ಸಮ ಇದ್ದರೆ ಸರಿದೂಗಿಸಬಹುದು. ದಿನಕ್ಕೊಂದು ತೋರಿಸುವ ಪಂಪನ್ನು ವಾಪಸ್ ಕೊಡುವುದೇ ಒಳ್ಳೆಯದು.

ಗಾಳಿ ನೋಡುವುದು ಬೆಳಗ್ಗೆ, ಕಾರು ಹೊರಡುವ ಮೊದಲು. ಚೀಟಿಯ ಮೇಲಿನ ಒತ್ತಡ ತಣ್ಣಗಿರುವ ಟೈರಿನದು. ಕಾರು ಮೂರು ಗಂಟೆಯಾದರೂ ನಿಂತಿರಬೇಕು. ವೇಗವಾಗಿ ಓಡಿ ಬಂದ ಟೈರಿನಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ ಏರಿರಬಹುದು. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಟೈರು ಕಮ್ಮಿ ಗಾಳಿಯಲ್ಲಿ ಓಡುತ್ತದೆ. ಹವೆ 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ, ತೂತು ಇರಲೇಬೇಕೆಂದಿಲ್ಲ. ಸ್ವಂತ ಪಂಪು ಇರುವುದರ ದೊಡ್ಡ ಲಾಭ ಇದೇ. ಗಾಳಿ ಹೊಡೆಸಲು ಕಾರು ಓಡಿಸಿಕೊಂಡು ಹೋದರೆ ದಾರಿಯಲ್ಲೇ ಟೈರು ಬಿಸಿಯಾಗಿರುತ್ತದೆ.

ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಹತ್ತುವ ಎಚ್ಚರಿಕೆಯ ದೀಪ ಕಾರಿನಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. ಅಮೆರಿಕದ ನಿಯಮದಂತೆ ಆ ದೀಪ ಹತ್ತಲೇಬೇಕಾದದ್ದು ಒತ್ತಡ ಶೇಕಡಾ 25 ಇಳಿದಾಗ. 32 ಇರಬೇಕಾದ ಕಡೆ ಅದು 24. ಅಲ್ಲಿಯ ತನಕ ಟೈರಿನ ಎರಡೂ ಅಂಚುಗಳು ಸವೆಯುತ್ತಲೇ ಇರುತ್ತವೆ, ಇಂಧನವೂ ಜಾಸ್ತಿ ಹೋಗುತ್ತದೆ.

ಪಂಪಿನಿಂದ ಆಗದ ಕೆಲಸಗಳೂ ಇವೆ. ಮೊಳೆ ಚುಚ್ಚಿ ನಿಧಾನಕ್ಕೆ ಗಾಳಿ ಇಳಿಯುತ್ತಿದ್ದರೆ ತುಂಬಿಸಿಕೊಂಡು ಪಂಕ್ಚರ್ ಹಾಕುವವರ ತನಕ ಹೋಗಬಹುದು, ಮೊಳೆ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಂಡಿದ್ದರೆ ಈ ಸಣ್ಣ ಪಂಪಿನ ಗಾಳಿ ಅದನ್ನು ಕೂರಿಸಲಾರದು. ಗಾಳಿ ಪೂರ್ತಿ ಹೋದ ಮೇಲೂ ಓಡಿಸಿದ ಟೈರಿಗೆ ಮತ್ತೆ ಗಾಳಿ ತುಂಬಿಸುವುದು ಅಪಾಯ. ಅದರ ಪಕ್ಕದ ಗೋಡೆ ಒಳಗಿನಿಂದ ಹರಿದಿರಬಹುದು, ಹೊರಗೆ ಕಾಣದೆಯೂ ಇರಬಹುದು. ಅಂಥ ಟೈರನ್ನು ಬಿಚ್ಚಿಸಿ ಒಳಗೆ ನೋಡಿಸಲೇಬೇಕು.

ಸ್ಟೆಪ್ನಿಗೂ ಗಾಳಿ ನೋಡಿ. ನಿಮ್ಮದು ತಾತ್ಕಾಲಿಕ ಬಳಕೆಯ ಸಣ್ಣ ಸ್ಟೆಪ್ನಿಯಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಅದರ ಮೇಲೇ ಬರೆದಿರುತ್ತದೆ. ಪಂಪಿನ ಗರಿಷ್ಠ ಒತ್ತಡ ಲೆಕ್ಕಕ್ಕೆ ಬರುವುದು ಇಲ್ಲಿ ಮಾತ್ರ. ಹೊಸ ಪಂಪು ತಂದ ವಾರವೇ ಅದನ್ನು ಸ್ಟೆಪ್ನಿಯ ಮೇಲೆ ಓಡಿಸಿ. 60 ಮುಟ್ಟಲು ತಿಣುಕಿದರೆ ಬದಲಾಯಿಸಿಕೊಳ್ಳಲು ಇನ್ನೂ ಸಮಯ ಇರುತ್ತದೆ.