ದುಬೈಗೆ ಎರಡೇ ಗಂಟೆಯಾ?

ಉಡುಪಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸ ನನ್ನದು. ಟಿಕೆಟ್ ಕೈಗೆ ಬಂದ ಕೂಡಲೇ ಸುಮಾರು ಜನ ಕೇಳುತ್ತಾರೆ, "ಇದೆಂತ ಮಾರಾಯ್ರೆ, ಹೋಗ್ಲಿಕ್ಕೆ ಎರಡು ಗಂಟೆ, ಬರ್ಲಿಕ್ಕೆ ಐದು ಗಂಟೆಯಾ?"

ಟಿಕೆಟ್‌ನಲ್ಲಿ ಹೊರಡುವುದು ನಮ್ಮ ಗಡಿಯಾರದ ಪ್ರಕಾರ, ಇಳಿಯುವುದು ಅಲ್ಲಿನ ಗಡಿಯಾರದ ಪ್ರಕಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬಜ್ಪೆಯಲ್ಲಿ, ಅಂದರೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ, ಬೆಳಗ್ಗೆ 9ಕ್ಕೆ ಎದ್ದ ವಿಮಾನ ಅಲ್ಲಿ 11ಕ್ಕೆ ಇಳಿದರೆ ಹಾರಿದ್ದು ಮೂರೂವರೆ ಗಂಟೆ. ವಾಪಸ್ ಬರುವಾಗ ಗಾಳಿ ಹಿಂದಿನಿಂದ ಸಿಕ್ಕಿದರೆ ಸ್ವಲ್ಪ ಬೇಗ ಮುಟ್ಟುತ್ತದೆ.

ದೂರ ಅಳೆಯಲಿಕ್ಕೆ ನಾನು ಮಕ್ಕಳ ಗ್ಲೋಬ್ ಮತ್ತು ಹೊಲಿಗೆ ದಾರ ಇಟ್ಟುಕೊಂಡಿದ್ದೇನೆ. ಮೊದಲು ಸಮಭಾಜಕ ವೃತ್ತಕ್ಕೆ ದಾರ ಸುತ್ತಿ ಅಳೆದೆ, 94 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್. ಮಂಗಳೂರಿನಿಂದ ದುಬೈಗೆ ದಾರ ಬಿಗಿಯಾಗಿ ಎಳೆದರೆ ಆರಕ್ಕೆ ಚೂರು ಕಮ್ಮಿ. ಲೆಕ್ಕ ಹಾಕಿದರೆ 2,460 ಕಿಲೋಮೀಟರಿನ ಹತ್ತಿರಕ್ಕೆ ಬರುತ್ತದೆ.

ದಾರದ ಮಜಾ ಗೊತ್ತಾಗುವುದು ಅಮೆರಿಕಕ್ಕೆ ಎಳೆದಾಗ. ಗೋಡೆಯ ನಕ್ಷೆ ನೋಡಿ ಎಲ್ಲರೂ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡ್ಡಕ್ಕೆ ಗೆರೆ ಎಳೆಯುತ್ತಾರೆ. ಗ್ಲೋಬ್ ಮೇಲೆ ದಾರ ಬಿಗಿ ಮಾಡಿದರೆ ಅದು ಚೀನಾ ದಾಟಿ, ಸೈಬೀರಿಯಾದ ಉತ್ತರ ತುದಿಗೆ ಹತ್ತಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ! 33 ಸೆಂಟಿಮೀಟರ್, ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಶುರು ಮಾಡಿದ ನೇರ ವಿಮಾನ ಮೊದಲ ಸಲ ಅಲ್ಲಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿಂದಲೇ. ಗಾಳಿ ನೋಡಿಕೊಂಡು ದಾರಿ ಹೀಗೆ ಆಚೀಚೆ ಆಗುವುದುಂಟು.

ಹೊತ್ತಿನ ಲೆಕ್ಕಕ್ಕೆ ದೂರವನ್ನು 850ರಿಂದ (ವಿಮಾನ ಗಂಟೆಗೆ ಹಾರುವ ಕಿಲೋಮೀಟರ್, ಅಂದಾಜು) ಭಾಗಿಸಿ, ಏರಿ ಇಳಿಯಲಿಕ್ಕೆ ಅರ್ಧ ಗಂಟೆ ಸೇರಿಸುತ್ತೇನೆ. ದುಬೈಗೆ ಮೂರೂವರೆ, ಸ್ಯಾನ್ ಫ್ರಾನ್ಸಿಸ್ಕೋಗೆ 17 ಗಂಟೆ. ಹತ್ತಿರದ ಊರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಬಜ್ಪೆಯಿಂದ ಬೆಂಗಳೂರಿಗೆ 300 ಕಿಲೋಮೀಟರ್ ಚಿಲ್ಲರೆ, ಆದ್ರೂ ಟಿಕೆಟ್‌ನಲ್ಲಿ ಒಂದು ಗಂಟೆ ಇರುತ್ತದೆ. ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ ಅಲ್ವಾ.

ಉಡುಪಿಯವರು ರಸ್ತೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಮುಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಹೋಗಿ ಬಜ್ಪೆ ಮುಟ್ಟಲಿಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವಿದೇಶದ ವಿಮಾನವಾದರೆ ಅದರ ಮೇಲೆ ಮೂರು ಗಂಟೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ ಬರುವ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ. ಅದೇ ವಿಮಾನದಲ್ಲಿ ಹೊರಡಬೇಕಾದವರು ಇಲ್ಲೇ ಬಾಕಿ. ಹಾಗಾಗಿ ಜೂನ್-ಜುಲೈಯಲ್ಲಿ ದಾರಿಯಲ್ಲಿ ವಿಮಾನ ಬದಲಿಸುವವರಿಗೆ ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಮಾಡಿಸುತ್ತೇನೆ, ನೂರಿನ್ನೂರು ಜಾಸ್ತಿಯಾದರೂ ಸರಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದ ಜವಾಬ್ದಾರಿ ಆಗ ಕಂಪನಿಯದ್ದು.