ಎಲೆ ಮುದುಡಿದರೆ ಮೊದಲು ಏನು ನೋಡಬೇಕು: ರಸ ಹೀರುವ ಹುಳುಗಳು ಮತ್ತು ಗಿಡದ ಉತ್ತರ

ಚಿಗುರು ಮುರುಟಿದೆ, ಎಲೆಯಂಚು ಹಳದಿಯಾಗಿದೆ, ಗಿಡ ಯಾಕೋ ಸೊರಗಿದೆ ಅನ್ನಿಸಿದ ಕೂಡಲೇ ಬಹಳ ಜನ ಬುಡಕ್ಕೆ ಒಂದು ಹಿಡಿ ಯೂರಿಯಾ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಎಲೆ ತಿರುಗಿಸಿ ಅಡಿಭಾಗ ನೋಡಿ. ಅಲ್ಲಿ ರಸ ಹೀರುವ ಹುಳುಗಳು ಕೂತಿದ್ದರೆ ಆ ಯೂರಿಯಾದಿಂದ ಲಾಭ ಆಗುವುದು ಗಿಡಕ್ಕಿಂತ ಹುಳುಗಳಿಗೇ. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಎಲೆಯ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಬೇಕು.

ಎಲೆ ತಿನ್ನುವ ಹುಳು ತೂತು ಮಾಡಿ ಹೋಗುತ್ತದೆ, ಕಣ್ಣಿಗೆ ಕಾಣುತ್ತದೆ. ರಸ ಹೀರುವ ಹುಳು ತೂತು ಬಿಡುವುದಿಲ್ಲ. ನಮಗೆ ಕಾಣುವ ಮುದುಡು, ಹಳದಿ, ಸುಟ್ಟ ಅಂಚು ಇವೆಲ್ಲ ಬಹುಪಾಲು ಗಿಡ ತಾನೇ ಕೊಟ್ಟ ಉತ್ತರ. ಅದನ್ನು ಓದುವುದು ಕಲಿತರೆ ಯಾವ ಹುಳು, ಎಷ್ಟು ದಿನದಿಂದ ಇದೆ, ಗಿಡ ಇನ್ನೂ ತಡೆದುಕೊಳ್ಳುತ್ತಿದೆಯೋ ಸೋತಿದೆಯೋ ಅನ್ನುವುದೆಲ್ಲ ಅಂದಾಜಿಗೆ ಸಿಗುತ್ತದೆ.

ಎಲೆಯ ಒಳಗೆ ಏನಾಗುತ್ತದೆ

ಸಸ್ಯಹೇನನ್ನೇ ತೆಗೆದುಕೊಳ್ಳಿ. ಅದರ ಬಾಯಿ ಕೂದಲಿಗಿಂತ ತೆಳ್ಳಗಿನ ಸೂಜಿ. ಅದನ್ನು ಎಲೆಗೆ ಚುಚ್ಚಿ, ಜೀವಕೋಶಗಳ ಸಂದಿಯಲ್ಲೇ ದಾರಿ ಮಾಡಿಕೊಂಡು, ಗಿಡ ತನ್ನ ಸಕ್ಕರೆಯನ್ನು ಸಾಗಿಸುವ ನಾಳ, ಅಂದರೆ ಫ್ಲೋಯಂ, ಸಿಗುವವರೆಗೂ ಹುಡುಕುತ್ತಾ ಹೋಗುತ್ತದೆ. ಇದಕ್ಕೆ ಎಷ್ಟೋ ನಿಮಿಷ, ಕೆಲವು ಸಲ ಗಂಟೆಗಳೇ ಹಿಡಿಯುತ್ತವೆ. ದಾರಿಯುದ್ದಕ್ಕೂ ಅಂಟಿನಂಥ ಜೊಲ್ಲು ಬಿಡುತ್ತದೆ, ಅದು ಗಟ್ಟಿಯಾಗಿ ಸೂಜಿಯ ಸುತ್ತ ಒರೆಯಂತೆ ಕೂರುತ್ತದೆ. ನಾಳದೊಳಗೆ ರಸ ಒತ್ತಡದಲ್ಲಿರುವುದರಿಂದ ಸೂಜಿ ತಲುಪಿದ ಮೇಲೆ ರಸ ತಾನಾಗಿಯೇ ಮೇಲಕ್ಕೆ ನುಗ್ಗುತ್ತದೆ. ಹುಳುವನ್ನು ಕತ್ತರಿಸಿ ತೆಗೆದರೂ ಎಲೆಯಲ್ಲಿ ಉಳಿದ ಸೂಜಿಯ ತುಂಡಿನಿಂದ ರಸ ತೊಟ್ಟಿಕ್ಕುತ್ತಲೇ ಇರುತ್ತದೆ, ವಿಜ್ಞಾನಿಗಳು ಶುದ್ಧ ಫ್ಲೋಯಂ ರಸ ಸಂಗ್ರಹಿಸಲು ಇದೇ ಉಪಾಯ ಬಳಸುತ್ತಾರೆ.

ಈ ರಸದಲ್ಲಿ ಸಕ್ಕರೆ ಜಾಸ್ತಿ, ಅಮೈನೋ ಆಮ್ಲ ಕಡಿಮೆ. ಹುಳುವಿನ ಬೆಳವಣಿಗೆಗೆ ಬೇಕಾಗಿರುವುದು ಅಮೈನೋ ಆಮ್ಲ. ಹಾಗಾಗಿ ಅದು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ರಸ ಕುಡಿದು, ಮಿಕ್ಕ ಸಕ್ಕರೆಯನ್ನು ಹಿಂದಿನಿಂದ ಅಂಟಂಟಾಗಿ ಹೊರಗೆ ಹಾಕುತ್ತದೆ. ಎಲೆ ಮೇಲಿನ ಅಂಟು ಅಂದರೆ ಇದೇ. ಅಷ್ಟು ಕುಡಿದರೂ ಸಾಲದೇ, ಸಸ್ಯಹೇನುಗಳು ತಮ್ಮ ಮೈಯೊಳಗೆ ಬುಕ್ನೆರಾ ಎನ್ನುವ ಬ್ಯಾಕ್ಟೀರಿಯಾ ಸಾಕಿಕೊಂಡು, ರಸದಲ್ಲಿ ಸಿಗದ ಅಮೈನೋ ಆಮ್ಲಗಳನ್ನು ಅದರಿಂದ ಪಡೆಯುತ್ತವೆ. ಈಗ ಯೂರಿಯಾ ವಿಷಯಕ್ಕೆ ಬನ್ನಿ: ಸಾರಜನಕ ಜಾಸ್ತಿ ಕೊಟ್ಟರೆ ರಸದಲ್ಲಿ ಅಮೈನೋ ಆಮ್ಲ ಏರುತ್ತದೆ, ಎಳೆ ಚಿಗುರೂ ಜಾಸ್ತಿ ಬರುತ್ತದೆ. ಹುಳು ಹುಡುಕುತ್ತಿದ್ದದ್ದು ಅದನ್ನೇ ಅಲ್ವಾ?

ಗಿಡವೇನೂ ಸುಮ್ನೆ ಕೂರುವುದಿಲ್ಲ. ನಾಳಕ್ಕೆ ಗಾಯವಾದ ಕೂಡಲೇ ಅಲ್ಲಿ ಕ್ಯಾಲ್ಸಿಯಂ ನುಗ್ಗುತ್ತದೆ. ಅವರೆ, ಹುರುಳಿ, ಅಲಸಂದೆ ಜಾತಿಯ ಗಿಡಗಳಲ್ಲಂತೂ ನಾಳದೊಳಗೆ ಪ್ರೋಟೀನಿನ ಚಿಕ್ಕ ಕಡ್ಡಿಗಳಿರುತ್ತವೆ, ಕ್ಯಾಲ್ಸಿಯಂ ತಾಗಿದ್ದೇ ತಡ ಒಂದು ಸೆಕೆಂಡಿನೊಳಗೆ ಉಬ್ಬಿ ಬಿರಡೆಯಂತೆ ನಾಳ ಮುಚ್ಚುತ್ತವೆ. ಉಳಿದ ಗಿಡಗಳಲ್ಲಿ ಕ್ಯಾಲೋಸ್ ಅನ್ನುವ ಪದಾರ್ಥ ನಿಧಾನಕ್ಕೆ ಕಟ್ಟಿಕೊಳ್ಳುತ್ತದೆ. ಹುಳುವೂ ಕಡಿಮೆಯದಲ್ಲ, ಅದರ ನೀರು ಜೊಲ್ಲಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಪ್ರೋಟೀನುಗಳಿದ್ದು ಬಿರಡೆ ಬೀಳದಂತೆ ತಡೆಯುತ್ತವೆ. ಈ ಜಗ್ಗಾಟ ನೀವು ನೋಡುತ್ತಿರುವ ಎಲೆಯಲ್ಲಿ ಇದೀಗಲೂ ನಡೆಯುತ್ತಿರಬಹುದು ಅಂತ ನೆನೆದರೆ ನನಗೆ ಪ್ರತಿ ಸಲವೂ ಬೆರಗಾಗುತ್ತದೆ.

ಮುಂದಿನ ಕೆಲವು ಗಂಟೆಗಳಲ್ಲಿ ಹಾರ್ಮೋನುಗಳ ಸರದಿ. ಎಲೆ ಅಗಿಯುವ ಹುಳು ಬಂದರೆ ಗಿಡ ಮುಖ್ಯವಾಗಿ ಜಾಸ್ಮೋನಿಕ್ ಆಮ್ಲವನ್ನು ಏರಿಸುತ್ತದೆ. ನಾಳದ ರಸ ಹೀರುವವು ದೊಡ್ಡ ಗಾಯ ಮಾಡುವುದಿಲ್ಲವಾದ್ದರಿಂದ ಅವು ಬಂದಾಗ ಹೆಚ್ಚಾಗಿ ಏಳುವುದು ಸ್ಯಾಲಿಸಿಲಿಕ್ ಆಮ್ಲ, ಅಂದರೆ ರೋಗಾಣು ಬಂದಾಗ ಏಳುವಂಥದ್ದೇ. ಇವೆರಡೂ ಎಷ್ಟೋ ಸಲ ಒಂದನ್ನೊಂದು ತಗ್ಗಿಸುತ್ತವೆ. ಬಿಳಿನೊಣದ ಮರಿಗಳು ಇದರ ಲಾಭ ಪಡೆಯುತ್ತವೆ: ಸ್ಯಾಲಿಸಿಲಿಕ್ ಏರುತ್ತದೆ, ತಮಗೆ ನಿಜವಾಗಿ ತೊಂದರೆ ಕೊಡಬಹುದಾದ ಜಾಸ್ಮೋನಿಕ್ ತಗ್ಗುತ್ತದೆ. ಇದರ ಜೊತೆಗೆ ಗಿಡ ಮೀಥೈಲ್ ಸ್ಯಾಲಿಸಿಲೇಟ್‌ನಂಥ ವಾಸನೆಗಳನ್ನು ಗಾಳಿಗೆ ಬಿಡುತ್ತದೆ, ಗುಲಗಂಜಿ ಹುಳು ಮತ್ತು ಕ್ರೈಸೋಪರ್ಲಾ ಎನ್ನುವ ಬಲೆರೆಕ್ಕೆಯ ಹಸಿರು ಕೀಟದಂಥ ಬೇಟೆಗಾರರು ಅದರ ಜಾಡು ಹಿಡಿದು ಬರುತ್ತವೆ.

ಇದಕ್ಕೆಲ್ಲ ಗಿಡ ಬೆಲೆ ತೆರಬೇಕಾಗುತ್ತದೆ. ಎಲೆಯ ಉಸಿರುರಂಧ್ರಗಳು ಮುಚ್ಚಿಕೊಳ್ಳುತ್ತವೆ, ಎಲೆ ಬಿಸಿಯಾಗುತ್ತದೆ, ಸಕ್ಕರೆ ತಯಾರಿ ಕುಗ್ಗುತ್ತದೆ. ತಯಾರಾದ ಸಕ್ಕರೆಯೂ ಹುಳು ಕೂತ ಕಡೆಗೇ ಎಳೆದುಕೊಂಡು ಹೋಗುತ್ತದೆ. ಬೇರಿನ ಪಾಲು ಕಡಿತವಾಗುತ್ತದೆ. ಮೇಲೆ ಎಲೆಗಳು ಇನ್ನೂ ಹಸಿರಾಗಿ ಕಾಣುತ್ತಿರುವಾಗಲೇ ಮಣ್ಣಿನೊಳಗೆ ಬೇರು ಬಡವಾಗುತ್ತಿರಬಹುದು.

ನೋಡುವುದು ಹೇಗೆ

ಬೆಳಿಗ್ಗೆ, ಬಿಸಿಲು ಏರುವ ಮೊದಲು ನೋಡಿ, ಆಗ ಹುಳುಗಳ ಓಡಾಟ ಕಡಿಮೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಸಾಕು. ಕುಡಿಯಿಂದ ಮೂರ್ನಾಲ್ಕು ಎಲೆ, ಗಿಡದ ನಡುವಿನಿಂದ ಎರಡು, ಕೆಳಗಿನಿಂದ ಎರಡು ತಿರುಗಿಸಿ ನೋಡಿ. ಆಮೇಲೆ ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ನಿಧಾನವಾಗಿ ತಟ್ಟಿ, ಥ್ರಿಪ್ಸ್ ಇದ್ದರೆ ಗೀರಿನಂಥ ಸಣ್ಣ ಹುಳುಗಳು ಹಾಳೆ ಮೇಲೆ ಓಡಾಡುತ್ತವೆ.

ಎಲೆ ಮುಟ್ಟಿದರೆ ಅಂಟು, ಹೊಳಪು, ಕೆಲವು ದಿನ ಕಳೆದ ಮೇಲೆ ಮಸಿಯಂಥ ಕಪ್ಪು ಬೂಷ್ಟು: ಇದು ಫ್ಲೋಯಂ ರಸ ಕುಡಿಯುವವರ ಗುರುತು. ಸಸ್ಯಹೇನು, ಬಿಳಿನೊಣ, ಹಿಟ್ಟುತಿಗಣೆ, ಇವುಗಳಲ್ಲಿ ಯಾವುದಾದರೂ ಇರಬಹುದು. ಅಂಟು ಬಿದ್ದ ಎಲೆಯ ಅಡಿಯಲ್ಲಿ ಹುಳು ಕಾಣದಿದ್ದರೆ ಅದರ ಮೇಲಿನ ಎಲೆಯ ಅಡಿಯಲ್ಲಿ ನೋಡಿ, ಅಂಟು ಬೀಳುವುದು ಮೇಲಿನಿಂದ. ಕಪ್ಪು ಬೂಷ್ಟು ಎಲೆಯೊಳಗೆ ಬೇರು ಬಿಡುವುದಿಲ್ಲ, ಆದರೆ ಬೆಳಕು ತಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಅಂಟಿಲ್ಲ, ಎಲೆಯಲ್ಲಿ ಬೆಳ್ಳಿಯಂಥ ಗೀರುಗಳು, ಅವುಗಳ ಮೇಲೆ ಕಪ್ಪು ಚುಕ್ಕಿಗಳು ಇದ್ದರೆ ಥ್ರಿಪ್ಸ್. ಇವು ನಾಳಕ್ಕೆ ಹೋಗುವುದಿಲ್ಲ, ಮೇಲ್ಪದರದ ಜೀವಕೋಶಗಳನ್ನು ಒಂದೊಂದಾಗಿ ಖಾಲಿ ಮಾಡುತ್ತವೆ. ಖಾಲಿಯಾದ ಜಾಗಕ್ಕೆ ಗಾಳಿ ತುಂಬಿ ಬೆಳ್ಳಿಯಂತೆ ಹೊಳೆಯುತ್ತದೆ. ಕೆಂಪು ಜೇಡನುಸಿಯೂ ಹೀಗೇ, ಆದರೆ ಗೀರಿನ ಬದಲು ಸೂಜಿಮೊನೆಯಂಥ ತಿಳಿಹಳದಿ ಚುಕ್ಕಿಗಳು, ಹೆಚ್ಚಾದಾಗ ಬಲೆ. ನುಸಿ ಕೀಟವಲ್ಲ, ಜೇಡದ ಬಳಗದ್ದು, ಆದ್ದರಿಂದ ಕೀಟನಾಶಕಗಳಲ್ಲಿ ಎಷ್ಟೋ ಅದಕ್ಕೆ ತಾಗುವುದಿಲ್ಲ.

ಮೆಣಸಿನ ಗಿಡದಲ್ಲಿ ಮುದುಡುವ ದಿಕ್ಕೇ ಸುಳಿವು. ಎಲೆಯಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್, ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ಹಳದಿ ನುಸಿ. ಎರಡೂ ಒಟ್ಟಿಗೆ ಬರುವುದೂ ಉಂಟು, ಆಗ ಭೂತಗನ್ನಡಿಯೇ ಗತಿ.

ಹತ್ತಿ, ಬೆಂಡೆ, ಆಲೂಗಡ್ಡೆಯಲ್ಲಿ ಅಂಚಿನಿಂದ ಶುರುವಾಗಿ ಹಳದಿ, ಆಮೇಲೆ ಕೆಂಪು ಅಥವಾ ಕಂದು, ಸುಟ್ಟಂತೆ ಕಂಡರೆ ಜಿಗಿಹುಳು. ಇಲ್ಲಿ ಚುಚ್ಚಿದ ಗಾಯ ಮತ್ತು ಜೊಲ್ಲು ಎರಡೂ ಸೇರಿ ನಾಳಗಳನ್ನು ಕೆಡಿಸುತ್ತವೆ, ಸಕ್ಕರೆ ಹೊರಗೆ ಹೋಗಲಾರದೆ ಎಲೆಯಲ್ಲೇ ಕಟ್ಟಿಕೊಳ್ಳುತ್ತದೆ, ಎಲೆ ತನ್ನ ಕೆಲಸ ನಿಲ್ಲಿಸುತ್ತದೆ. ಪೊಟ್ಯಾಶ್ ಕೊರತೆಯಲ್ಲೂ ಅಂಚು ಸುಡುತ್ತದೆ, ಗೊಂದಲ ಆಗುವುದು ಇಲ್ಲೇ. ಪೊಟ್ಯಾಶ್ ಕೊರತೆ ಸಾಮಾನ್ಯವಾಗಿ ಕೆಳಗಿನ ಹಳೆ ಎಲೆಗಳಿಂದ ಶುರುವಾಗುತ್ತದೆ, ಎಲೆ ಅಲುಗಿಸಿದರೆ ಅಡ್ಡಡ್ಡ ಓಡುವ ಹಸಿರು ಹುಳುಗಳು ಇರುವುದಿಲ್ಲ. ಸಾರಜನಕದ ಕೊರತೆಯೂ ಹಳೆ ಎಲೆಗಳಿಂದಲೇ, ಆದರೆ ಇಡೀ ಎಲೆ ಒಂದೇ ಸಮ ಹಳದಿ.

ಇನ್ನೊಂದು ಮಾತು ನೆನಪಿರಲಿ, ಹುಳು ಕೂತ ಜಾಗ ಬೇರೆ, ಲಕ್ಷಣ ಕಾಣುವ ಜಾಗ ಬೇರೆ ಆಗಬಹುದು. ಕುಂಬಳದ ಜಾತಿಯಲ್ಲಿ ಬಿಳಿನೊಣದ ಮರಿಗಳು ಹಳೆ ಎಲೆಯ ಅಡಿಯಲ್ಲಿ ಹೀರುತ್ತಿದ್ದರೆ ಬೆಳ್ಳಗಾಗುವುದು ಮೇಲೆ ಹೊಸದಾಗಿ ಬಿಚ್ಚುವ ಎಲೆ. ಮರಿಗಳನ್ನು ತೆಗೆದರೆ ಮುಂದಿನ ಎಲೆಗಳು ಹಸಿರಾಗಿಯೇ ಬರುತ್ತವೆ.

ಗಿಡಕ್ಕೆ ನೆರವಾಗುವುದು ಹೇಗೆ

ಮೊದಲ ಕೆಲಸ ಸಾರಜನಕ ನಿಲ್ಲಿಸುವುದು. ಹುಳು ಹತೋಟಿಗೆ ಬರುವವರೆಗೂ ಯೂರಿಯಾ ಬೇಡ. ಆಮೇಲೆ ಕೊಟ್ಟರೂ ಸ್ವಲ್ಪ ಸ್ವಲ್ಪವಾಗಿ. ಪೊಟ್ಯಾಶ್ ಕೊರತೆ ಇದ್ದರೆ ಸರಿಪಡಿಸಿ, ಕೊರತೆ ಇರುವ ಗಿಡದ ರಸದಲ್ಲಿ ಅಮೈನೋ ಆಮ್ಲ ಜಾಸ್ತಿ ಇರುತ್ತದೆ.

ನೀರು ಸಮನಾಗಿರಲಿ. ಒಂದು ವಾರ ಒಣಗಿಸಿ ಒಂದು ದಿನ ತೋಯಿಸುವುದು ಕೆಟ್ಟದ್ದು: ಒಣಗಿದಾಗ ರಸ ಗಟ್ಟಿಯಾಗಿ ಅಮೈನೋ ಆಮ್ಲ ಏರುತ್ತದೆ, ನೀರು ಸಿಕ್ಕಿದ ಕೂಡಲೇ ಒತ್ತಡ ಮರಳಿ ಬಂದು ಹುಳುವಿಗೆ ಹೀರುವುದು ಸಲೀಸಾಗುತ್ತದೆ.

ಎರಡನೆಯದು ನೀರಿನ ಹೊಡೆತ. ಸಸ್ಯಹೇನು, ನುಸಿಗಳಿಗೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿದರೆ ಸಾಕಷ್ಟು ಉದುರುತ್ತವೆ, ಸೂಜಿ ಮುರಿದ ಸಸ್ಯಹೇನು ಮತ್ತೆ ಹೀರಲಾರದು. ಸಸ್ಯಹೇನುಗಳು ಗಂಡಿಲ್ಲದೆಯೇ ಮರಿ ಹಾಕುತ್ತವೆ, ಬೆಚ್ಚಗಿನ ದಿನಗಳಲ್ಲಿ ಆ ಮರಿ ಒಂದು ವಾರ ಹತ್ತು ದಿನದಲ್ಲಿ ತಾನೂ ಮರಿ ಹಾಕುವಷ್ಟು ಬೆಳೆಯುತ್ತದೆ. ಆದ್ದರಿಂದ ಒಂದು ಸಲ ತೊಳೆದು ಬಿಟ್ಟರೆ ಆಗದು, ವಾರಕ್ಕೆ ಎರಡು ಸಲ ತೊಳೆಯಿರಿ.

ಅದಕ್ಕೂ ಬಗ್ಗದಿದ್ದರೆ ಗಿಡಗಳಿಗೆಂದೇ ಮಾಡಿದ ಸಾಬೂನು ದ್ರಾವಣ, 1ರಿಂದ 2 ಶೇಕಡಾ, ಅಂದರೆ ಲೀಟರಿಗೆ 10ರಿಂದ 20 ಮಿಲಿ. ಬಟ್ಟೆ ಸೋಪಿನ ಪುಡಿ ಬೇಡ, ಎಲೆ ಸುಡುತ್ತದೆ. ಇದು ಮೈಗೆ ತಾಗಿದ ಹುಳುವನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಕೆಲಸವಿಲ್ಲ, ಹಾಗಾಗಿ ಎಲೆಯ ಅಡಿ ಪೂರ್ತಿ ತೋಯಬೇಕು. ಸಂಜೆ ಹೊಡೆಯಿರಿ. ಮೊದಲು ಒಂದು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಗಡಸು ನೀರಿನಲ್ಲಿ ಸಾಬೂನು ಒಡೆಯುತ್ತದೆ, ಮಳೆನೀರಿದ್ದರೆ ಒಳ್ಳೆಯದು. ಬೇವಿನ ಎಣ್ಣೆಯಲ್ಲಿರುವ ಅಜಾಡಿರಾಕ್ಟಿನ್ ಮರಿಗಳು ಪೊರೆ ಬಿಡುವುದನ್ನು ತಡೆಯುತ್ತದೆ, ಅದರ ಫಲ ಕಾಣಲು ಕೆಲವು ದಿನ ಬೇಕು, ಮರುದಿನವೇ ಹುಳು ಓಡಾಡುತ್ತಿದೆ ಅಂತ ಬೇರೆ ವಿಷ ಸುರಿಯಬೇಡಿ.

ಇರುವೆಗಳನ್ನು ಗಮನಿಸಿ. ಅಂಟಿನ ಆಸೆಗೆ ಬರುವ ಇರುವೆಗಳು ಗುಲಗಂಜಿ ಹುಳುಗಳನ್ನು ಓಡಿಸುತ್ತವೆ, ಗಿಡ ವಾಸನೆ ಕಳಿಸಿ ಕರೆದ ನೆರವು ಬಾಗಿಲಲ್ಲೇ ವಾಪಸ್ಸಾದಂತೆ. ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿದರೆ ಇರುವೆ ಏರುವುದು ನಿಲ್ಲುತ್ತದೆ. ಸಿಕ್ಕಸಿಕ್ಕ ಹಾಗೆ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೂ ಇದೇ ಕತೆ, ಬೇಟೆಗಾರ ಹುಳುಗಳು ಮೊದಲು ಸತ್ತು, ಕೆಲವು ವಾರಗಳಲ್ಲಿ ನುಸಿ ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ.

ಗಿಡ ಚೇತರಿಸಿಕೊಂಡಿತೇ?

ಮುದುಡಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಅದು ಬೆಳೆಯುವಾಗಲೇ ಹಾಗೆ ಆಗಿಹೋಗಿದೆ. ಅದನ್ನೇ ನೋಡುತ್ತಾ ಮದ್ದು ಕೆಲಸ ಮಾಡಿಲ್ಲ ಅಂದುಕೊಂಡು ಮತ್ತೆ ಮತ್ತೆ ಹೊಡೆಯುವುದು ಜನ ಮಾಡುವ ದೊಡ್ಡ ತಪ್ಪು. ಹುಳು ತೆಗೆದ ದಿನ ಕುಡಿಯ ಕೆಳಗಿನ ತೊಟ್ಟಿಗೆ ಒಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ. 10 ದಿನ ಬಿಟ್ಟು ದಾರದ ಮೇಲೆ ಬಂದ ಎಲೆಗಳನ್ನಷ್ಟೇ ನೋಡಿ. ಅವು ಚಪ್ಪಟೆಯಾಗಿ, ಹಸಿರಾಗಿ ಬಿಚ್ಚಿದ್ದರೆ ಗಿಡ ಗೆದ್ದಿದೆ, ಈಗ ಸ್ವಲ್ಪ ಗೊಬ್ಬರ ಕೊಡಬಹುದು. ಹಳೆ ಎಲೆಗಳನ್ನು ಪೂರ್ತಿ ಕೀಳಬೇಡಿ, ಅರ್ಧ ಹಸಿರಿದ್ದರೂ ಅವು ಬೇರಿಗೆ ಸಕ್ಕರೆ ಕಳಿಸುತ್ತಿರುತ್ತವೆ.

ಹುಳು ಒಂದೂ ಇಲ್ಲ, ಆದರೂ ಹೊಸ ಎಲೆಗಳು ಮುದುಡಿಯೇ ಬರುತ್ತಿವೆ, ಹಸಿರು-ಹಳದಿ ಮಚ್ಚೆಗಳಿವೆ ಅಂದರೆ ವೈರಸ್ ಅನುಮಾನ ಪಡಬೇಕು. ಕೆಲವು ವೈರಸ್‌ಗಳು ಸಸ್ಯಹೇನು ರುಚಿ ನೋಡಲು ಚುಚ್ಚುವ ಕೆಲವೇ ಸೆಕೆಂಡುಗಳಲ್ಲಿ ಗಿಡಕ್ಕೆ ದಾಟುತ್ತವೆ, ಹುಳು ವಿಷಕ್ಕೆ ಸಾಯುವಷ್ಟರಲ್ಲಿ ಅದು ಆಗಿಹೋಗಿರುತ್ತದೆ. ಅಂಥ ಗಿಡಕ್ಕೆ ಮದ್ದಿಲ್ಲ. ಮನಸ್ಸಿಗೆ ಕಷ್ಟವಾದರೂ ಕಿತ್ತು ತೆಗೆಯಿರಿ, ಮತ್ತು ಕೀಳುವ ಮೊದಲು ಅದರ ಮೇಲೆ ಕಣ್ಣಿಗೆ ಬೀಳದ ಹುಳುಗಳು ಉಳಿದಿದ್ದರೆ ಸಾಯಲಿ ಅಂತ ಸಾಬೂನು ನೀರು ಹೊಡೆಯಿರಿ. ಇಲ್ಲದಿದ್ದರೆ ಗಿಡ ಅಲುಗಾಡಿದ್ದಕ್ಕೆ ಅವು ಎದ್ದು ಪಕ್ಕದ ಗಿಡಕ್ಕೆ ಹೋಗುತ್ತವೆ.