ಅಗ್ಗದ ವಿಮಾನದಲ್ಲಿ ಅವ್ವನ ಕಾಶಿಯಾತ್ರೆ

ಕಡಿಮೆ ದರದ ವಿಮಾನದವರು ಟಿಕೆಟ್ ದುಡ್ಡಿಗೆ ಕೊಡುವುದು ಕುರ್ಚಿಯೊಂದನ್ನೇ. ಊಟ, ಇಷ್ಟದ ಜಾಗ, ಹೆಚ್ಚಿನ ಸಾಮಾನು ಎಲ್ಲಕ್ಕೂ ಬೇರೆ ಬೇರೆ ಬೆಲೆ. ಎಪ್ಪತ್ತು ದಾಟಿದ, ಮೊಣಕಾಲು ನೋವಿನ ಅವ್ವನನ್ನು ಬೆಂಗಳೂರಿನಿಂದ ವಾರಾಣಸಿಗೆ ಕರೆದೊಯ್ಯಬೇಕಾದಾಗ, ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂದು ಮೊದಲೇ ಲೆಕ್ಕ ಹಾಕಿದೆ.

ಹೋಗುವಾಗ ಕೈ ಬಿಚ್ಚಿದ್ದು ಸೀಟಿಗೆ ಮಾತ್ರ. ಪುಕ್ಕಟೆ ಸಿಗುವುದನ್ನು ಕಾದರೆ ಕೊನೆಗೆ ಉಳಿಯುವುದು ಹೆಚ್ಚಾಗಿ ನಡುವಿನ ಕುರ್ಚಿ. ತುರ್ತು ಬಾಗಿಲಿನ ಬಳಿ ಕಾಲಿಗೆ ಜಾಗ ಹೆಚ್ಚು, ಆದರೆ ಅದನ್ನು ವಯಸ್ಸಾದವರಿಗೆ ಕೊಡುವುದಿಲ್ಲ. ಆಪತ್ತಿನಲ್ಲಿ ಆ ಬಾಗಿಲು ತೆರೆಯುವ ತ್ರಾಣ ಇರಬೇಕು. ಅವ್ವನಿಗೆ ನೋವಿರುವುದು ಬಲಗಾಲು. ಮೂರು-ಮೂರು ಸೀಟಿನ ಸಾಲಿನಲ್ಲಿ 'ಸಿ' ಕುರ್ಚಿಗೆ ನಡೆದಾಡುವ ದಾರಿ ಬಲಕ್ಕೆ ಬರುತ್ತದೆ, 'ಡಿ'ಗೆ ಎಡಕ್ಕೆ. ಆದ್ದರಿಂದ 'ಸಿ' ಹಿಡಿದೆ. ತಿಂಡಿಯ ಗಾಡಿ ಬಂದಾಗ ಮಡಚಿಕೊಂಡು, ಉಳಿದ ಹೊತ್ತು ಅವ್ವ ಆ ಕಾಲನ್ನು ಆಗಾಗ ದಾರಿಗೆ ಚಾಚಿಯೇ ಕೂತಳು.

ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿಕೊಂಡೆ. "ನಾನೇನು ರೋಗಿಯೇ?" ಎಂದು ಅವ್ವ ಮುಖ ತಿರುಗಿಸಿದಳು. "ಕಾಶಿಯಲ್ಲಿ ಘಾಟಿನ ಮೆಟ್ಟಿಲು ಇಳಿಯಬೇಕಲ್ಲ, ಮೊಣಕಾಲನ್ನು ಅಲ್ಲಿಗೆ ಉಳಿಸಿಕೊ" ಎಂದ ಮೇಲೆ ಒಪ್ಪಿದಳು. ದೇವನಹಳ್ಳಿಯ ನಿಲ್ದಾಣದಲ್ಲಿ ಒಳಬಾಗಿಲಿನಿಂದ ವಿಮಾನದ ಬಾಗಿಲವರೆಗಿನ ನಡಿಗೆ ಸಣ್ಣದಲ್ಲ. ಗಾಲಿಕುರ್ಚಿಯವರು ಮೊದಲು ಹತ್ತುತ್ತಾರೆ, ಆದರೆ ಎಲ್ಲರೂ ಇಳಿದ ಮೇಲೆ ಇಳಿಯುತ್ತಾರೆ. ಆ ಕಡೆ ಟ್ಯಾಕ್ಸಿಯವನಿಗೆ ಮುಕ್ಕಾಲು ಗಂಟೆ ತಡವಾಗಿ ಬರಲು ಹೇಳಿದ್ದೆ.

ಸಾಮಾನಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಯುದ್ಧ. ದೊಡ್ಡ ಚೀಲಕ್ಕೆ 15 ಕಿಲೋ, ಕೈಚೀಲಕ್ಕೆ 7 ಕಿಲೋ ಮಿತಿ. ಅವ್ವನ ಪೂಜೆಯ ಗಂಟು ಬಿಚ್ಚಿದರೆ ಕೊಬ್ಬರಿ ಬಟ್ಟಲು, ಕರ್ಪೂರ, ಬೆಂಕಿಪೊಟ್ಟಣ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಒತ್ತಾಗಿ ತುಂಬಿಟ್ಟರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದಕ್ಕೆ ನಿಷೇಧವಿದೆ. ಮೂರನ್ನೂ ಮನೆಯಲ್ಲೇ ಬಿಡಿಸಿದೆ. ಕಾಶಿಯಲ್ಲಿ ಕರ್ಪೂರಕ್ಕೇನು ಬರವೇ? ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಚೀಲದಲ್ಲಿ ಹಾಕುವಂತಿಲ್ಲ.

ಊಟಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ. ಖಡಕ್ ರೊಟ್ಟಿಯನ್ನು ಬೇಡವೆಂದೆ. ಮುರಿದರೆ ಚೂರು ಪಕ್ಕದವರ ಮಡಿಲಿಗೂ ಹಾರುತ್ತದೆ. ಕುಡಿಯುವ ನೀರು ಕೇಳಿದರೆ ಲೋಟದಲ್ಲಿ ಕೊಡುತ್ತಾರೆ. ಕೇಳಲೇಬೇಕು, ಏಕೆಂದರೆ ಒಳಗಿನ ಗಾಳಿ ತೀರ ಒಣಗಿದ್ದು, ಬೇಗ ಗಂಟಲು ಆರುತ್ತದೆ. ಶಾಲು ಅವ್ವನ ಕೈಯಲ್ಲೇ ಇತ್ತು.

ಕಿವಿನೋವು ಬರುವುದು ಹೆಚ್ಚಾಗಿ ಇಳಿಯುವಾಗ. ಆಗ ವಿಮಾನದೊಳಗಿನ ಗಾಳಿಯ ಒತ್ತಡ ಏರುತ್ತ ಹೋಗುತ್ತದೆ, ಕಿವಿಯೊಳಗಿನ ಗಾಳಿ ಅದಕ್ಕೆ ತಕ್ಷಣ ಹೊಂದಿಕೊಳ್ಳುವುದಿಲ್ಲ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆಯಾದ್ದರಿಂದ ಇನ್ನೂ ಕಷ್ಟ. ಇಳಿಯುತ್ತಿದ್ದೇವೆ ಎಂಬ ಸೂಚನೆ ಕೇಳಿದೊಡನೆ ಅವ್ವನನ್ನು ಎಬ್ಬಿಸಿ ಬಾಯಿಗೆ ಕಲ್ಲುಸಕ್ಕರೆ ಹಾಕಿದೆ. ಅದು ಕರಗಿದಂತೆ ಇನ್ನೊಂದು. ನೆಲ ಮುಟ್ಟುವವರೆಗೂ ಕಿವಿಯ ಮಾತೇ ಎತ್ತಲಿಲ್ಲ.

ಬರುವಾಗ ಮಂಜು. ಉತ್ತರದ ಕಡೆ ಡಿಸೆಂಬರ್, ಜನವರಿಯಲ್ಲಿ ಇದು ಮಾಮೂಲು. ನಮ್ಮ ವಿಮಾನ ಮಧ್ಯಾಹ್ನದವರೆಗೂ ಹೊರಡಲಿಲ್ಲ. ಮಂಜಿಗೆ ಪರಿಹಾರದ ಹಣ ಸಿಗುವುದಿಲ್ಲ. ಆದರೆ ಪ್ರಯಾಣ ಎರಡೂವರೆ ಗಂಟೆಯೊಳಗಿದ್ದರೆ 2 ಗಂಟೆ, ಅದಕ್ಕಿಂತ ಹೆಚ್ಚಾಗಿ ಐದು ಗಂಟೆಯೊಳಗಿದ್ದರೆ 3 ಗಂಟೆ ಮೀರಿದ ವಿಳಂಬಕ್ಕೆ ತಿಂಡಿ, ಪಾನೀಯ ಕೊಡಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಯಾರೂ ಕರೆದು ಕೊಡಲಿಲ್ಲ. ಬೋರ್ಡಿಂಗ್ ಪಾಸ್ ಹಿಡಿದು ಹೋಗಿ ಮೆತ್ತಗೆ ನಿಯಮ ನೆನಪಿಸಿದ ಮೇಲೆ ಎರಡು ಪೊಟ್ಟಣ ಬಂದವು. ಪಕ್ಕದಲ್ಲಿ ಕೂಗಾಡುತ್ತಿದ್ದವರಿಗೂ ಅವೇ ಪೊಟ್ಟಣ ಸಿಕ್ಕಿದವು, ಸ್ವಲ್ಪ ತಡವಾಗಿ.

ಗಂಗೆಯ ತಂಬಿಗೆಗಳನ್ನು ಸೀರೆಗಳ ನಡುವೆ ಸುತ್ತಿ ದೊಡ್ಡ ಚೀಲಕ್ಕೆ ಸೇರಿಸಿದ್ದೆ. ತೂಕ ಮಿತಿ ಮೀರುವುದು ಖಚಿತವಿತ್ತು, ಹೆಚ್ಚುವರಿ ಕಿಲೋಗಳನ್ನು ಹಿಂದಿನ ರಾತ್ರಿಯೇ ಮೊಬೈಲ್‌ನಲ್ಲಿ ಕೊಂಡೆ; ಕೌಂಟರಿನಲ್ಲಿ ದರ ಇನ್ನೂ ಹೆಚ್ಚು. "ಗಂಗವ್ವನಿಗೂ ಟಿಕೆಟ್ ತೆಗೆಸಿದೆಯಾ?" ಎಂದು ಅವ್ವ ಕೇಳಿದಳು. ಹೌದು, ತೆಗೆಸಿದೆ.